ವಿಭೂತಿಯ ಕೆಳಗಿನ ಕೆಂಪು ಅಂಕಿ

ಹೊಸ ರಬ್ಬರಿನ ವಾಸನೆ ಎಂದರೆ ನನಗೆ ಈಗಲೂ ತವರಿನ ನೆನಪು. ನಾನು ಅಡುಗೆ ಗ್ಯಾಸ್ ಅಳೆಯುವ ಒಂದು ಮೀಟರು. ಕಾರ್ಖಾನೆಯಲ್ಲಿ ಒಬ್ಬಾಕೆ ನನ್ನ ಹೊಟ್ಟೆಯೊಳಗೆ ತೆಳು ಪೊರೆಯ ತಿದಿಗಳನ್ನು ಕೂರಿಸಿದಳು. ಪೊರೆಗೆ ಉಗುರು ತಾಗೀತೆಂದು ಬೆರಳು ಮಡಚಿಕೊಂಡೇ ಕೆಲಸ ಮಾಡಿದ ಆ ತಾಯಿಯನ್ನು ನಾನು ಮರೆತಿಲ್ಲ. ಒಂದು ತಿದಿ ತುಂಬುವಾಗ ಇನ್ನೊಂದು ಬರಿದಾಗುತ್ತದೆ. ಸೇರಿನಲ್ಲಿ ಜೋಳ ಅಳೆದ ಹಾಗೆ, ಪ್ರತಿ ಸಲವೂ ಅಷ್ಟೇ ಹಿಡಿಸುತ್ತದೆ. ತಿದಿಗಳು ಆಡಿದಂತೆ ಹಲ್ಲುಗಾಲಿಗಳು ತಿರುಗಿ ಅಂಕಿಗಳು ಉರುಳುತ್ತವೆ. ನನಗೆ ಗೊತ್ತಿರುವ ವಿದ್ಯೆ ಇಷ್ಟೇ.

ಹುಬ್ಬಳ್ಳಿಯ ನೀಲವ್ವನವರ ಅಡುಗೆಮನೆಯ ಗೋಡೆಗೆ ನನ್ನನ್ನು ಜೋಡಿಸಿದ ಫಿಟ್ಟರು, ಅವರ ಸೊಸೆ ಶಾಂಭವಿಗೆ ಹೇಳಿಹೋದ: "ಒಲಿ ಆರಿಸಿದ ಮ್ಯಾಲೆ ಈ ಕೆಂಪು ಅಂಕಿ ಅಳ್ಳಾಡಬಾರದ್ರೀ ಅಕ್ಕಾರ."

ಆಯುಧಪೂಜೆಯ ದಿನ ನೀಲವ್ವ ಸ್ಕೂಟರಿಗೆ, ಮಿಕ್ಸರಿಗೆ ಬಳಿದಂತೆ ನನ್ನ ಗಾಜಿಗೂ ದಪ್ಪಗೆ ವಿಭೂತಿ ಬಳಿದರು. ನನಗೆ ಹೆಮ್ಮೆಯೇ ಆಯಿತು. ಆದರೆ ಅಂಕಿಗಳು ಮುಚ್ಚಿಹೋದವು. ಪೂಜೆಯ ವಿಭೂತಿ ತಾನಾಗಿ ಉದುರಬೇಕೇ ಹೊರತು ಯಾರೂ ಒರೆಸಬಾರದು ಎಂಬುದು ಆ ಮನೆಯ ರೂಢಿ.

ಶಾಂಭವಿ ಆಗ ಬಸುರಿ. ಅಡುಗೆಮನೆಗೆ ಕಾಲಿಟ್ಟರೆ ಹೊಟ್ಟೆ ತೊಳಸುತ್ತಿತ್ತು, ಊಟ ಸೇರುತ್ತಿರಲಿಲ್ಲ.

"ಅತ್ತೀ, ಗ್ಯಾಸಿನ ವಾಸನಿ ಬರಾಕತ್ತೈತ್ರಿ."

"ಬಸುರಿ ಮೂಗವಾ ಅದು. ಮೊನ್ನಿ ಉಳ್ಳಾಗಡ್ಡಿ ನಾತ ಅಂದಿ, ನಿನ್ನಿ ನನ್ನ ಎಲಿಅಡಿಕಿ ನಾತ ಅಂದಿ. ನಾಳೆ ನನ್ನ ಮಗಾನೂ ನಾರತಾನ ಅಂತಿ."

ಮರುದಿನ ಬೆಳಿಗ್ಗೆ ಶಾಂಭವಿ ಸೆರಗಿನ ತುದಿ ಒದ್ದೆ ಮಾಡಿ ನನ್ನ ಮುಖ ಒರೆಸತೊಡಗಿದಳು.

"ಪೂಜಿ ಮಾಡಿದ್ದು ಒರಸತೀಯಲ್ಲ, ಏನಾರ ಹೆಚ್ಚುಕಡಿಮಿ ಆದ್ರ?" ಎಂದರು ನೀಲವ್ವ.

"ಆಗಬಾರದು ಅಂತನ ಒರಸಾಕತ್ತೇನ್ರೀ. ಒಲಿ ಆರೈತಿ. ನೀವ ನೋಡ್ರಿ."

ನೀಲವ್ವ ಕನ್ನಡಕ ಹಾಕಿಕೊಂಡು ಬಗ್ಗಿದರು. ಕೆಂಪು ಅಂಕಿ ಇರುವೆಯಂತೆ ಮೆಲ್ಲಗೆ ಸರಿಯುತ್ತಿತ್ತು. ಒಲೆಯ ಹಿಂದಿನ ಕೊಳವೆ ಬಿರಿದಿತ್ತು. ಸೋರಿದ್ದನ್ನೂ ನಾನು ಅಳೆಯುತ್ತಲೇ ಇದ್ದೆ, ಕೂಗಿ ಹೇಳಲು ನನಗೆ ಬಾಯಿಲ್ಲ. ನೀಲವ್ವ ವಾಲ್ವು ತಿರುಗಿಸಿ ಗ್ಯಾಸ್ ನಿಲ್ಲಿಸಿ, ಕಿಟಕಿಗಳನ್ನೆಲ್ಲ ತೆರೆದರು.

ವರ್ಷಗಳು ಕಳೆದು, ಪೊರೆ ಸವೆದು, ಈಗ ಉಗ್ರಾಣದ ಮೂಲೆ ಸೇರಿದ್ದೇನೆ. ಆ ಮನೆಯವರು ನನ್ನ ಮಾತನ್ನು ನಂಬಿದರಲ್ಲ, ಆ ಋಣ ದೊಡ್ಡದು. ಬಿಡುವಿನಲ್ಲಿ ನೆನೆಯುವುದು ಅದೇ ದಿನದ ಮಧ್ಯಾಹ್ನವನ್ನೇ. ಕೊಳವೆ ಬದಲಿಸಲು ಕರೆದಿದ್ದ ಫಿಟ್ಟರು ಇನ್ನೂ ಬಂದಿರಲಿಲ್ಲ, ಒಲೆ ಹಚ್ಚುವಂತಿರಲಿಲ್ಲ. ಶಾಂಭವಿ ಹಿತ್ತಿಲ ಬಾಗಿಲಲ್ಲಿ ಗಾಳಿಗೆ ಮುಖವೊಡ್ಡಿ ಕೂತಿದ್ದಳು. ನೀಲವ್ವ ಬಾಯಲ್ಲಿದ್ದ ಎಲೆಅಡಿಕೆ ಉಗುಳಿ, ಬಾಯಿ ಮುಕ್ಕಳಿಸಿ ಬಂದರು. ಉಳ್ಳಾಗಡ್ಡಿ ಹಾಕದೆ ಮೊಸರಲ್ಲಿ ಅವಲಕ್ಕಿ ಕಲಸಿದರು. ಬಟ್ಟಲನ್ನು ಸೊಸೆಯ ಕೈಗಿಟ್ಟು, ಪಕ್ಕದಲ್ಲಿ ಕೂತರು.