ಯಾರ ಹೆಸರು ಉಳಿದಿತ್ತು

ವಿಶಾಖಾ ರಾಯಚೂರಿನಲ್ಲಿ ದೇವದುರ್ಗದ ಬಸ್ಸು ಹತ್ತಿದ್ದೇ ಕರೆಮ್ಮನಿಗೆ ಎದುರೆದುರೇ ಬೈಯಲಿಕ್ಕೆ. ಹೆಣ್ಣುಮಕ್ಕಳ ಖಾಸಗಿ ಹಾಸ್ಟೆಲ್ಲೊಂದರ ಆನ್‌ಲೈನ್ ಅರ್ಜಿಯ ಪುಟ ಬರೆದವಳು ವಿಶಾಖಾ. ದೇವದುರ್ಗದ ಅರ್ಜಿ ಕೇಂದ್ರದಲ್ಲಿ ಹುಡುಗಿಯರಿಂದ ಅದನ್ನು ತುಂಬಿಸುವವಳು ಕರೆಮ್ಮ. ಗೂಗಲ್ ಎಂಬ ಹಳ್ಳಿಯ ಮೌನೇಶ್ವರಿ ತುಂಬಿದ ಅರ್ಜಿ ಶೈಲಶ್ರೀ ಎಂಬ ಬೇರೊಬ್ಬಳ ಹೆಸರಿಗೆ ಹೋಗಿ ಕೂತಿತ್ತು. ಪಟ್ಟಿ ಬಂದಾಗ ಮೌನೇಶ್ವರಿಗೆ ಸೀಟೇ ಇಲ್ಲ. ಕಣ್ಣುಬಿಟ್ಟು ಕೆಲಸ ಮಾಡಲು ಏನು ಧಾಡಿ ಎಂದು ವಿಶಾಖಾ ಮೂರು ದಿನ ಫೋನಿನಲ್ಲಿ ಕೂಗಾಡಿದ್ದಳು. ಪುಟ ಬರೆಸಿದ, ಕೇಂದ್ರಗಳ ಮಾಲೀಕ ಅನಿಲಕುಮಾರ ‘ತಪ್ಪು ನನ್ನದೇ’ ಎಂದು ಕರೆಮ್ಮನಿಂದ ಬರೆಸಿಕೊಂಡು, ತಿಂಗಳ ಕೊನೆಗೆ ಕೆಲಸ ಬಿಡಲು ಹೇಳಿದ್ದ.

ಕೇಂದ್ರದಲ್ಲಿ ಎದುರಾದಾಗ ಕರೆಮ್ಮ ಜಗಳಕ್ಕೆ ಬರಲಿಲ್ಲ. ವಿಶಾಖಾಳಿಗೆ ಅದರಿಂದ ಇನ್ನಷ್ಟು ಸಿಟ್ಟು ಬಂತು.

“ಆ ಹುಡುಗಿ ತನ್ನ ಕೈಲೇ ತನ್ನ ಹೆಸರು ಟೈಪ್ ಹೊಡದಾಳ್ರೀ ಮೇಡಂ. ನೀವ ಒಮ್ಮಿ ತುಂಬಿ ನೋಡ್ರಿ.”

ನೋಡಿಯೇ ಬಿಡುತ್ತೇನೆ ಎಂದು ವಿಶಾಖಾ ಕುರ್ಚಿ ಎಳೆದುಕೊಂಡಳು. ಒಬ್ಬರು ಅರ್ಜಿ ತುಂಬಿದರೆ ಸರ್ವರ್ ಅವರ ಹೆಸರು, ಅರ್ಜಿ ಸಂಖ್ಯೆಗಳನ್ನು ಸೆಷನ್ ಎಂಬ ತಾತ್ಕಾಲಿಕ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಆ ನೆನಪಿನಲ್ಲಿ ಏನೇನಿದೆಯೋ ಎಲ್ಲವನ್ನೂ ಪರದೆಗೆ ತರುವ ನಾಲ್ಕು ಸಾಲು ಬರೆದು ಪುಟದ ಮೇಲ್ಗಡೆ ಸೇರಿಸಿದಳು. ಮೊದಲು ತನ್ನ ಹೆಸರಿನ ಅರ್ಜಿ ತುಂಬಿದಳು. ಆಮೇಲೆ ‘ಹೊಸ ಅರ್ಜಿ’ ಒತ್ತಿ ಕರೆಮ್ಮನ ಹೆಸರು ಬರೆದು ಕಳಿಸಿದಳು. ಪರದೆ ತೋರಿಸಿದ್ದು: ಹೆಸರು ವಿಶಾಖಾ.

ಸೆಷನ್ನಿನಲ್ಲಿ ಹೆಸರು ಇದೆಯೇ ಎಂದಷ್ಟೇ ಪುಟವನ್ನು ನಡೆಸುವ ಅವಳ ಸ್ಕ್ರಿಪ್ಟು ನೋಡುತ್ತಿತ್ತು. ಯಾರದೆಂದು ಕೇಳುತ್ತಿರಲಿಲ್ಲ, ಹಳೆಯದನ್ನು ಅಳಿಸುತ್ತಲೂ ಇರಲಿಲ್ಲ. ಲ್ಯಾಪ್‌ಟಾಪಿನ ಮುಂದೆ ಒಬ್ಬಳೇ ಕೂತು ಪರೀಕ್ಷೆ ಮಾಡಿದವಳಿಗೆ, ಇಲ್ಲಿ ಒಂದೇ ಕಂಪ್ಯೂಟರಿಗೆ ಮೂವತ್ತು ಹುಡುಗಿಯರು ಸಾಲು ನಿಲ್ಲುತ್ತಾರೆಂಬುದು ಹೊಳೆದೇ ಇರಲಿಲ್ಲ.

ಅನಿಲಕುಮಾರನಿಗೆ ಫೋನು ಹಚ್ಚಿ ಎಲ್ಲವನ್ನೂ ಹೇಳಿದಳು. ಅವನು ತಣ್ಣಗೆ ಕೇಳಿಸಿಕೊಂಡ.

“ಗೊತ್ತದ. ಮಾನ್ವಿ ಕೇಂದ್ರದಾಗೂ ಹಿಂಗ ಆಗಿತ್ತು. ಸುಮ್ಮನ ಆ ಸಾಲು ತಿದ್ದಿಬಿಡು. ಕರೆಮ್ಮ ಬರ್ಕೊಟ್ಟಾಳಲ್ಲ, ನೀ ಯಾಕ ಮೈಮ್ಯಾಲ ಎಳ್ಕೊಂತಿ?”

ಗೊತ್ತಿದ್ದೂ ಬರೆಸಿಕೊಂಡಿದ್ದಾನೆ! ವಿಶಾಖಾಳ ಮೈಯೆಲ್ಲ ಉರಿಯಿತು. ಇಂಥವನ ಪರವಾಗಿ ತಾನು ಮೂರು ದಿನ ಗಂಟಲು ಹರಿದುಕೊಂಡೆನಲ್ಲ ಎಂದು ಅದಕ್ಕಿಂತ ಹೆಚ್ಚು ಉರಿಯಿತು. ಫೋನಿಟ್ಟು ಸ್ಕ್ರಿಪ್ಟು ತಿದ್ದಿದಳು. ಆಮೇಲೆ ಅರ್ಜಿ ತೆರೆದ ಪ್ರತಿಯೊಬ್ಬರಿಗೂ ಮೊದಲು ಕಾಣುವಲ್ಲಿ ಬರೆದಳು: ಮೌನೇಶ್ವರಿಯ ಅರ್ಜಿ ತಪ್ಪು ಹೆಸರಿಗೆ ಹೋಗಿದ್ದು ಈ ಪುಟದ ದೋಷ. ಪುಟ ಬರೆದವಳು ನಾನು, ವಿಶಾಖಾ. ಕರೆಮ್ಮನದು ಏನೂ ತಪ್ಪಿಲ್ಲ. ಇದನ್ನೇ ಹಾಸ್ಟೆಲ್ ಸಮಿತಿಗೂ ಕಳಿಸಲು ಪತ್ರ ತೆರೆದಳು.

ಕರೆಮ್ಮ ಬಗ್ಗಿ ನಿಂತು ನಿಧಾನಕ್ಕೆ ಓದಿದಳು. ಉಪಕಾರವಾಯಿತು ಎನ್ನಲಿಲ್ಲ.

“ರಂಜಾನಬಿ ಹೆಸರೂ ಹಾಕ್ರಿ ಮೇಡಂ. ಮಾನ್ವಿ ಕೇಂದ್ರದಾಗಿದ್ದ ಆಕಿನ್ನ ಹೋದ ವಾರನ ಕೆಲಸದಿಂದ ತಗದಾರ.”

ಇಂಥದ್ದೇ ತಪ್ಪಿಗೆ ರಂಜಾನಬಿಗೂ ಫೋನು ಮಾಡಿ ಬೈದವಳು ವಿಶಾಖಾಳೇ. ಪತ್ರದಲ್ಲಿ ಕರೆಮ್ಮನ ಹೆಸರಿನ ಪಕ್ಕ ಆ ಹೆಸರನ್ನೂ ಬರೆದಳು.