ಹೂವಿಗೆ ಹೋದ ನೀರು

ಮೂರ್ನಾಡಿನ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮೇಜಿನ ಮೇಲೆ ನೀರಿನ ಲೋಟ ಇಡುವುದನ್ನು ನಿಲ್ಲಿಸಿದ್ದರು. ಕೇಳಿದವರಿಗೆ ಮಾತ್ರ ಅರ್ಧ ಲೋಟ. ಭವಿತ್ ಕೇಳಲಿಲ್ಲ. ಇಡ್ಲಿ ಮುಗಿಸಿ ಕೈಯನ್ನು ಕಾಗದಕ್ಕೆ ಒರೆಸಿಕೊಳ್ಳುತ್ತಿದ್ದಾಗ ಮೈಸೂರಿನಿಂದ ಪುನೀತನ ಫೋನ್ ಬಂತು. ಭವಿತ್ ಚಿತ್ರ ಕಳಿಸುವ ಪತ್ರಿಕೆಯಲ್ಲಿ ಯಾವ ಫೋಟೊ ಯಾವ ಪುಟಕ್ಕೆ ಹೋಗಬೇಕೆಂದು ತೀರ್ಮಾನಿಸುವವನು ಅವನೇ.

“ಭಾನುವಾರ ಇಡೀ ಒಂದು ಪುಟ ಬರಕ್ಕೆ ಇಟ್ಟಿದ್ದೀವಿ. ಕಾವೇರಿ ಹುಟ್ಟೋ ಜಿಲ್ಲೇಲೇ ಕುಡಿಯೋಕೆ ನೀರಿಲ್ಲ ಅಂತ. ಬಿರುಕು ಬಿಟ್ಟ ನೆಲ ಬೇಕು. ಮಧ್ಯ ಒಂದು ಖಾಲಿ ಕೊಡ ಇದ್ರೆ ಇನ್ನೂ ಒಳ್ಳೇದು.”

“ನಮ್ಮಲ್ಲಿ ನೆಲ ಕಾಣೋದೇ ಇಲ್ಲ ಸಾರ್. ತರಗೆಲೆ ಮುಚ್ಚಿರ್ತದೆ.”

“ಹುಡುಕಪ್ಪ. ಇವತ್ತು ಸಂಜೆಯೊಳಗೆ ಕಳ್ಸು.”

ಭವಿತ್ ಬೈಕ್ ಹತ್ತಿ ಹುಡುಕಿದ. ಗದ್ದೆಗಳಲ್ಲಿ ಒಣಹುಲ್ಲಿತ್ತು, ಕೆಲವು ಕಡೆ ಹೊಸ ಮನೆಗಳ ತಳಪಾಯವಿತ್ತು. ದಾರಿಯುದ್ದಕ್ಕೂ ತೋಟಗಳ ನೆರಳಿನ ಮರಗಳು ಹಸಿರಾಗಿಯೇ ನಿಂತಿದ್ದವು. ಬಾವಿಗಳು ಬತ್ತಿದ್ದವು, ನಿಜ. ಆದರೆ ಬತ್ತಿದ ಬಾವಿಗೆ ಕ್ಯಾಮೆರಾ ಹಿಡಿದರೆ ಕತ್ತಲು ಮಾತ್ರ ಬರುತ್ತಿತ್ತು. ಬಿಸಿಲೇರಿದ ಮೇಲೆ ಅವನು ಪದ್ಮಯ್ಯನ ತೋಟದ ಕಡೆ ತಿರುಗಿದ. ಪದ್ಮಯ್ಯನ ಮಗಳು ಗಾನವಿಯ ಮದುವೆಯ ಫೋಟೊ ತೆಗೆದವನು ಅವನೇ. ಪ್ರತಿ ವರ್ಷ ಕಾಫಿ ಹೂವಿನ ಚಿತ್ರಕ್ಕೂ ಅಲ್ಲಿಗೇ ಬರುತ್ತಿದ್ದ.

ಈ ಸಲ ಹೂಮಳೆ ಬೀಳಲಿಲ್ಲ. ಮಾರ್ಚ್ ಹೊತ್ತಿಗೆ ಒಂದು ಮಳೆ ಬಿದ್ದರೆ ಕಾಫಿ ಮೊಗ್ಗು ಅರಳುತ್ತದೆ. ಬೀಳದಿದ್ದರೆ ತೋಡಿಗೆ, ಅಂದರೆ ತೋಟದಂಚಿನ ಹಳ್ಳಕ್ಕೆ, ಪಂಪು ಇಳಿಸಿ, ಸ್ಪ್ರಿಂಕ್ಲರಿನಲ್ಲಿ ಮಳೆ ಮಾಡಿಕೊಳ್ಳಬೇಕು. ಪದ್ಮಯ್ಯ ಹಾಗೆ ಮಾಡಿದ್ದ. ಕೆಳಗಿನ ಅರ್ಧ ತೋಟ ಅರಳಿ ಬೆಳ್ಳಗಿತ್ತು. ಮೇಲಿನ ಅರ್ಧಕ್ಕೆ ನೀರು ಚಿಮ್ಮುತ್ತಿತ್ತು. ತೋಡಿನ ಅಂಚಿನಲ್ಲಿ ಡೀಸೆಲ್ ಪಂಪು ಹಗಲಿರುಳೂ ಓಡುತ್ತಿದ್ದು, ಮಾತಾಡುವವರು ಕೂಗಿಯೇ ಮಾತಾಡಬೇಕಿತ್ತು.

ಪಂಪಿನಿಂದ ಕೆಳಗೆ ತೋಡು ಬರೀ ಕಲ್ಲು, ಮರಳು. ಅಲ್ಲಿ ಸುಬ್ಬಿ ಕುಳಿತಿದ್ದಳು. ತೋಟದ ಕೂಲಿಯವರ ಲೈನ್ ಮನೆಯವಳು. ಮರಳಿನಲ್ಲಿ ಮೊಣಕೈಯುದ್ದದ ಗುಂಡಿ ತೋಡಿ, ಊರಿದ ನೀರನ್ನು ಚಿಪ್ಪಿನಲ್ಲಿ ಮೊಗೆದು ಕೊಡಕ್ಕೆ ಸುರಿಯುತ್ತಿದ್ದಳು. ಕೊಡ ಕಾಲು ಭಾಗವೂ ತುಂಬಿರಲಿಲ್ಲ.

“ಎಷ್ಟು ಹೊತ್ತಾಯ್ತು ಸುಬ್ಬಿ?”

“ಬೆಳಕು ಬಿಟ್ಟಾಗ ಬಂದೆ ಫೋಟೊ ಅಣ್ಣ. ಬೇಗ ಮೊಗೆದ್ರೆ ಕೆಸರು ಬರ್ತದೆ. ಕಾಯ್ಬೇಕು.”

“ಮೊಮ್ಮಗಳು ಲಿಖಿತಾ ಎಲ್ಲಿ? ಯಾವಾಗ್ಲೂ ನಿನ್ನ ಹಿಂದೇನೇ ಇರ್ತಿದ್ಲಲ್ಲ.”

“ಮಡಿಕೇರಿ ಆಸ್ಪತ್ರೇಲಿ. ವಾಂತಿ, ಭೇದಿ. ಎರಡನೇ ಸಲ. ಇವತ್ತು ಸಂಜೆ ಬಸ್ಸಿಗೆ ಅವಳ ಅವ್ವ ಕರ್ಕೊಂಡ್ ಬರ್ತಾಳೆ.” ಸುಬ್ಬಿ ಚಿಪ್ಪನ್ನು ಮೆಲ್ಲಗೆ ಗುಂಡಿಗೆ ಇಳಿಸಿದಳು. “ಈ ನೀರು ಕೊಡ್ಬೇಡಿ ಅಂದ್ರು ಡಾಕ್ಟ್ರು. ಇನ್ನೊಂದ್ ಸಲ ಆದ್ರೆ ಮಗು ತಡ್ಕೊಳ್ಳೋದಿಲ್ಲ ಅಂದ್ರು. ಯಾವ ನೀರು ಕೊಡ್ಬೇಕು ಅಂತ ಅವರೂ ಹೇಳಿಲ್ಲ.”

“ಪಂಚಾಯ್ತಿ ಟ್ಯಾಂಕರ್?”

“ರೋಡಿನ ಮನೆಗಳಿಗೆ ಬರ್ತದೆ. ಲೈನಿಗೆ ಗಾಡಿ ಇಳಿಯೋದಿಲ್ಲ. ಇಕೋ, ನಮ್ಮ ನೀರು ಮೇಲೆ ಕಳ್ಸೋನು ಅಲ್ಲಿ ಕೂತಿದಾನೆ, ಅವನನ್ನೇ ಕೇಳಿ.”

ಪಂಪಿನ ಪಕ್ಕ ಕೂತಿದ್ದವನು ಅವಳ ಗಂಡ ಮಾರ. ಪಂಪು ನೋಡಿಕೊಳ್ಳುವ ಕೆಲಸ ಅವನದು.

“ಸಂಬಳ ತಂದ್ರೆ ಬೈಯ್ಯೋದಿಲ್ಲ, ನೀರು ಕಳ್ಸಿದ್ರೆ ಬೈತಾಳೆ,” ಎಂದು ಮಾರ ಅಲ್ಲಿಂದಲೇ ಕೂಗಿದ. “ಅಣ್ಣ, ಫೋಟೊದಲ್ಲಿ ನೀರು ಜಾಸ್ತಿ ಕಾಣೋ ಹಂಗೆ ತೆಗೀಬೇಡಿ. ಆಮೇಲೆ ಇಷ್ಟುಂಟಲ್ಲ ಸಾಕು ಅಂತಾರೆ.”

ಭವಿತ್ ಗುಂಡಿಯ ಮೇಲೆ ಬಗ್ಗಿದ. ದಂಡೆಯ ಕಾಫಿ ಗಿಡಗಳಿಂದ ಹೂವಿನ ಎಸಳು ಉದುರಿ ನೀರಿನ ಮೇಲೆ ತೇಲುತ್ತಿದ್ದವು. ಅಂಗೈಯಗಲದ ತಿಳಿನೀರು, ಬಿಳಿ ಎಸಳು, ಅದರ ನಡುವೆ ಸುಬ್ಬಿಯ ಕೈ. ಇಷ್ಟು ವರ್ಷ ತೆಗೆದ ಯಾವ ಚಿತ್ರಕ್ಕಿಂತಲೂ ಇದು ನಿಜವಾದದ್ದು ಎಂದು ಅವನಿಗೆ ಅನಿಸಿತು. ಸಿಗ್ನಲ್ ಸಿಗುವ ದಿಬ್ಬ ಹತ್ತಿ ಪುನೀತನಿಗೆ ಕಳಿಸಿದ.

ಫೋನ್ ಕೂಡಲೇ ಬಂತು. “ಚೆನ್ನಾಗಿದೆ. ಅದೇ ತೊಂದರೆ. ಪೂಜೆ ಥರ ಕಾಣ್ತಿದೆ.”

“ಆ ಹೂವಿಗೇ ಸಾರ್ ನೀರು ಹೋಗ್ತಿರೋದು.”

“ಅದು ನಿಂಗೆ ಗೊತ್ತು, ಓದೋರಿಗೆ ಹೇಗೆ ಗೊತ್ತಾಗತ್ತೆ? ಹಸಿರು, ಹೂವು ಹಾಕಿ ಬರ ಅಂದ್ರೆ ಯಾರು ನಂಬ್ತಾರೆ? ನಂಬದಿದ್ರೆ ಟ್ಯಾಂಕರ್ ಕೂಡ ಬರಲ್ಲ. ಹೂ ತೆಗೆಸಿ ಇನ್ನೊಂದು ತೆಗಿ. ನೋಡಿದ ತಕ್ಷಣ ಬಾಯಿ ಒಣಗ್ಬೇಕು.”

ಪುನೀತ್ ಹೇಳಿದ್ದರಲ್ಲಿ ಸುಳ್ಳೇನಿಲ್ಲ ಎಂದುಕೊಳ್ಳುತ್ತ ಭವಿತ್ ಇಳಿದು ಬಂದ. “ಸುಬ್ಬಿ, ಆ ಎಸಳೆಲ್ಲ ಸ್ವಲ್ಪ ತೆಗಿತೀಯಾ?”

ಸುಬ್ಬಿ ಒಂದು ಕ್ಷಣ ಗುಂಡಿಯನ್ನು ನೋಡಿದಳು. ಆಮೇಲೆ ಕೈಯಿಳಿಸಿ ಎಸಳುಗಳನ್ನು ಒಟ್ಟು ಮಾಡಿ ತೆಗೆದಳು. ಮಗ್ಗುಲಿನ ಮರಳು ಜರಿದು ಬಿತ್ತು. ನೀರು ಕದಡಿತು. ಭವಿತ್ ಚಿತ್ರ ತೆಗೆದ. ಕೆಸರು, ಸುಕ್ಕುಗಟ್ಟಿದ ಕೈ, ಹಿಂದೆ ಬರೀ ಕಲ್ಲು. ಪುನೀತ್ ಕೇಳಿದ್ದು ಇದನ್ನೇ.

ಕ್ಯಾಮೆರಾ ಇಳಿಸಿದಾಗ ಸುಬ್ಬಿ ಚಿಪ್ಪನ್ನು ಕಲ್ಲಿನ ಮೇಲೆ ಬೋರಲು ಹಾಕಿ, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದಳು. ನೀರು ತಿಳಿಯಾಗುವುದನ್ನು ಮತ್ತೆ ಮೊದಲಿನಿಂದ ಕಾಯಬೇಕಿತ್ತು.

“ಕಲಕಿ ಹೋಯ್ತಾ?” ಎಂದ ಭವಿತ್.

“ಇರ್ಲಿ ಅಣ್ಣ. ನಿಮ್ಮ ಕೆಲ್ಸ ಆಯ್ತಲ್ಲ.”

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಅವನಿಗೆ ಅಲ್ಲಿಂದ ಹೊರಡುವುದು ಸುಲಭವಾಗುತ್ತಿತ್ತು. ಅವನು ಆ ಚಿತ್ರ ಕಳಿಸಲಿಲ್ಲ. ಕ್ಯಾಮೆರಾ ಹಿಡಿದುಕೊಂಡು ತೋಟದ ದಾರಿಯಲ್ಲಿ ಮನೆಯ ಕಡೆ ಹತ್ತಿದ.

ಪದ್ಮಯ್ಯ ಜಗಲಿಯಲ್ಲಿ ಕೂತಿದ್ದ. ಅವನ ಹೆಂಡತಿ ಬೊಳ್ಳಮ್ಮ ಅಂಗಳದಲ್ಲಿ ಕಾಳುಮೆಣಸು ಹರವುತ್ತಿದ್ದಳು.

“ಓ ಭವಿತ್. ಮಳೆ ಇಲ್ಲೆ, ಆದ್ರೂ ನಮ್ಮ ಹೂ ನೋಡ್, ಹೆಂಗೆ ಉಟ್ಟು,” ಎಂದ ಪದ್ಮಯ್ಯ, ತಮ್ಮ ಮನೆಮಾತು ಅರೆಭಾಷೆಯಲ್ಲಿ.

“ಹೂಗೆ ಬಂದದ್ದಲ್ಲ ಮಾಂವ.” ಭವಿತ್ ಸುಬ್ಬಿಯ ವಿಷಯ ಹೇಳಿದ. ಆಸ್ಪತ್ರೆಯ ಮಾತನ್ನೂ ಹೇಳಿದ. “ಇಂದ್ ಒಂದ್ ದಿನ ಆದ್ರೂ ಪಂಪ್ ನಿಲ್ಸಿ. ತೋಡ್‌ಲಿ ನೀರ್ ಇಳಿಲಿ.”

ಪದ್ಮಯ್ಯ ಸಿಟ್ಟಾಗಲಿಲ್ಲ. ಅವನೂ ಬಸವಳಿದಿದ್ದ. “ನಾ ಎಂತ ಮಾಡೊಕು ಹೇಳ್. ಮೇಲಿನ ಬ್ಲಾಕ್ ಮೊಗ್ಗುಲಿ ನಿಂತುಟ್ಟು. ಅರ್ಧ ನೀರಿಗೆ ನಿಲ್ಸಿರೆ ಮೊಗ್ಗು ಕರಟಿ ಹೋದೆ. ಮತ್ತೆ ಬರೋ ವರ್ಷ ಕಾಫಿ ಪಿಕಿಂಗ್ ಇಲ್ಲೆ. ಪಿಕಿಂಗ್ ಇಲ್ಲೆಂದ್ರೆ ಆ ಸುಬ್ಬಿಗೆ ಕೆಲಸ ಯಾರ್ ಕೊಟ್ಟವೆ? ನಿನ್ನ ಪೇಪರಾ?”

“ಆ ಮಗುಗೆ ಇಂದ್ ಸಂಜೆಗೆ ಕುಡಿಯಕೆ ನೀರ್ ಇಲ್ಲೆ ಮಾಂವ. ಬರೋ ವರ್ಷದ ಮಾತಲ್ಲ.”

“ಊರ್‌ಲಿ ತೋಟಕ್ಕೆ ನೀರ್ ಬಿಡೋದ್ ನಾ ಒಬ್ಬನೇನಾ?”

ಬೊಳ್ಳಮ್ಮ ಕೈ ಒರೆಸಿಕೊಂಡು ಬಂದು ಕ್ಯಾಮೆರಾ ತೆಗೆದುಕೊಂಡಳು. ಎಸಳು ತೇಲುವ ಚಿತ್ರವನ್ನು ತುಂಬ ಹೊತ್ತು ನೋಡಿದಳು. ಮನೆಗೆ ಬೋರ್‌ವೆಲ್ ಬಂದ ಮೇಲೆ ಅವಳು ತೋಡಿಗೆ ಇಳಿದಿರಲಿಲ್ಲ.

“ಇದ್ ನಮ್ಮ ತೋಡಾ?”

“ಹ್ಞೂಂ ಅತ್ತೆ. ಪಂಪಿನ ಕೆಳಗೆ.”

ಅವಳು ಮುಂದಿನ ಚಿತ್ರಕ್ಕೆ ಹೋದಳು. “ಮೊದ್ಲ್ ತಿಳಿ ಇತ್ತಲ್ಲ. ಇದ್ ಎಂತಕೆ ಕೆಸರಾತ್?”

ಭವಿತ್ ನೆಲ ನೋಡಿದ. “ನಾನೇ ಹೂ ತೆಗೆಸಿದ್ದ್. ಪೇಪರ್‌ನವ್ಕೆ ಹೂ ಬೇಡಂತೆ.”

ಅವಳು ಗಂಡನ ಕಡೆ ಕೈ ತೋರಿಸಿದಳು. “ಇವು ಹೂ ಬೇಕುಂತ ತೋಡು ಬತ್ಸಿದೊ. ನೀ ಹೂ ಬೇಡಂತ ಉಳ್ದದ್ದ್‌ನ ಕಲಕ್ಸಿದ,” ಎಂದಳು ಬೊಳ್ಳಮ್ಮ. ಕ್ಯಾಮೆರಾ ವಾಪಸು ಕೊಟ್ಟು ಒಳಗೆ ಹೋದಳು.

ಭವಿತ್ ಫೋನ್ ತೆಗೆದು ಪುನೀತನಿಗೆ ಬರೆದ: ಹೂ ಇರೋದನ್ನೇ ಹಾಕಿ, ಬೇರೆ ಇಲ್ಲ. ಉತ್ತರ ಬರಲು ತಡವಾಗಲಿಲ್ಲ. ‘ಪರವಾಗಿಲ್ಲ ಬಿಡು. ಬೇರೆ ಜಿಲ್ಲೆಯ ಹಳೇ ಫೋಟೊ ಇದೆ, ಒಳ್ಳೆ ಬಿರುಕಿದೆ. ಅದನ್ನೇ ಹಾಕ್ತೀವಿ.’

ಬೊಳ್ಳಮ್ಮ ತುಂಬಿದ ಕೊಡ ಸೊಂಟದಲ್ಲಿಟ್ಟುಕೊಂಡು ಹೊರಬಂದು ಅಂಗಳ ದಾಟಿದಳು.

“ಬೊಳ್ಳಮ್ಮ, ಮೇಲಿನ ಬ್ಲಾಕ್,” ಎಂದ ಪದ್ಮಯ್ಯ. ಅವಳು ತಿರುಗಲಿಲ್ಲ. ಅವನು ಕುರ್ಚಿಯಿಂದ ಅರ್ಧ ಎದ್ದು, ಮತ್ತೆ ಕೂತ. ಭವಿತ್ ಅವಳ ಹಿಂದೆ ಇಳಿದ.

ತೋಡಿನ ಬಳಿ ಬಂದು ಅವಳು, “ಮಾರ, ಪಂಪ್ ನಿಲ್ಸು,” ಎಂದಳು.

ಮಾರ ಮನೆಯ ದಿಕ್ಕಿಗೆ ನೋಡಿದ. “ಅಯ್ಯ ಹೇಳಿದ್ರಾ ಅಮ್ಮ?”

“ನಾನು ಹೇಳ್ತಿದ್ದೇನೆ.”

ಪಂಪು ಎರಡು ಸಲ ಕೆಮ್ಮಿದಂತೆ ಮಾಡಿ ನಿಂತಿತು. ಮೇಲೆ ಗಿಡಗಳ ನಡುವೆ ನೀರಿನ ಕಾರಂಜಿಗಳು ಕುಗ್ಗುತ್ತ ಹೋಗಿ ಅಡಗಿದವು. ಬೊಳ್ಳಮ್ಮ ಕೊಡವನ್ನು ಸುಬ್ಬಿಯ ಮುಂದೆ ಇಟ್ಟಳು.

“ಇದು ಮಗುವಿಗೆ. ನಾಳೆಯೂ ಬಾ, ಕೊಡ್ತೇನೆ.”

“ಲೈನಲ್ಲಿ ಎಂಟು ಮನೆ ಉಂಟಮ್ಮ,” ಎಂದಳು ಸುಬ್ಬಿ. “ಎಲ್ಲ ಮನೇಲೂ ಮಕ್ಕಳುಂಟು.”

ಬೊಳ್ಳಮ್ಮ ನಿಂತ ಪಂಪಿನ ಕಡೆ ತಿರುಗಿದಳು. ನಾಲ್ವರೂ ತೋಡಿನ ಮೇಲ್ಭಾಗವನ್ನೇ ನೋಡುತ್ತ ನಿಂತರು. ತೋಡಿಗೆ ಅಡ್ಡ ಕಟ್ಟೆ ಹಾಕಿದ್ದ ಪಂಪಿನ ಹೊಂಡದಲ್ಲಿ ಮೊಣಕಾಲಷ್ಟು ನೀರಿತ್ತು. ಅದು ಏರಿ, ಕಟ್ಟೆ ದಾಟಿ ಕೆಳಗೆ ಹರಿಯಬೇಕಿತ್ತು. ಏರಲಿಲ್ಲ. ಹೊಂಡಕ್ಕೆ ಬಂದು ಸೇರುವ ಸಣ್ಣ ಹರಿವೂ ನೋಡನೋಡುತ್ತ ಸೊರಗಿ, ಕಲ್ಲುಗಳ ನಡುವೆ ತೇವ ಮಾತ್ರ ಉಳಿಯಿತು.

ಆಗ ಕೇಳಿಸಿತು. ಮೇಲಿನಿಂದ, ಮರಗಳಾಚೆಯಿಂದ, ಅಂಥದ್ದೇ ಇನ್ನೊಂದು ಪಂಪಿನ ಸದ್ದು.

“ಅದು ದೇರಪ್ಪಯ್ಯನ ತೋಟದ್ದು,” ಎಂದ ಮಾರ. “ದಿನಾ ಇದೇ ಹೊತ್ತಿಗೆ ಶುರುವಾಗ್ತದೆ. ನಮ್ದು ಓಡ್ತಿದ್ರೆ ಕೇಳ್ಸೋದಿಲ್ಲ.”

ಬೊಳ್ಳಮ್ಮ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಒಣ ತೋಡಿಗೆ ಇಳಿದಳು.

“ಭವಿತ್, ಕ್ಯಾಮೆರಾ ಹಿಡ್ಕಂಡ್ ಬಾ. ನಾ ಬಾಯಿಲಿ ಹೇಳಿರೆ ದೇರಪ್ಪ ನಂಬಿಕಿಲ್ಲೆ.”

ಅವರು ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಮೇಲಕ್ಕೆ ನಡೆದರು. ಯಾರೂ ಕರೆಯದಿದ್ದರೂ ಮಾರ ಹಿಂದೆ ಬಂದ. ಲಿಖಿತಾ ಬರುವ ಮಡಿಕೇರಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಬೇಲಿಯ ಬಳಿ ಬೊಳ್ಳಮ್ಮ ಏದುಸಿರು ಬಿಡುತ್ತ ನಿಂತಳು. ದೇರಪ್ಪನ ಪಂಪಿನ ಸದ್ದು ಈಗ ಹತ್ತಿರದಲ್ಲೇ ಇತ್ತು.

“ಇದಾದ ಮೇಲೆ ಯಾರದು ಮಾರ?”

“ಇನ್ನೂ ಉಂಟಂತೆ ಅಮ್ಮ. ನಾನು ಅಲ್ಲಿವರೆಗೆ ಹೋಗಿಲ್ಲ.”

ಬೊಳ್ಳಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಬೇಲಿಯ ತಂತಿಯನ್ನು ಎತ್ತಿ ಹಿಡಿದು, ಅದರ ಕೆಳಗೆ ಬಗ್ಗಿದಳು.