ಟಾಂಜಾನಿಯಾಕ್ಕೆ ಒಬ್ಬರು

೧೯೯೧ರ ಬೇಸಿಗೆಯಲ್ಲಿ ನಿಪ್ಪಾಣಿಯ ಒಂದು ತಂಬಾಕಿನ ಗೋದಾಮಿಗೆ ಪತ್ರ ಬಂತು. ಗೋದಾಮು ವಿದೇಶಿ ಕಂಪನಿಯದು. ಟಾಂಜಾನಿಯಾದಲ್ಲಿ ಹೊಸ ಶೆಡ್ಡು ತೆರೆಯುವವರಿದ್ದರು. ಅಲ್ಲಿನ ಹೆಂಗಸರಿಗೆ ಎಲೆ ವಿಂಗಡಿಸುವುದನ್ನು ಕಲಿಸಲು ಒಂದು ವರ್ಷದ ಮಟ್ಟಿಗೆ ಒಬ್ಬರು ಬೇಕಾಗಿದ್ದರು. ಮ್ಯಾನೇಜರ್ ಆಬಾಸಾಹೇಬ ಎರಡು ಹೆಸರು ಬರೆದರು: ದಸ್ತಗೀರ, ಜ್ಞಾನದೇವ. ಇಬ್ಬರೂ ಅಷ್ಟಿಷ್ಟು ಇಂಗ್ಲಿಷ್ ಬಲ್ಲವರು.

ಅವರಿಬ್ಬರಿಗೂ ಕೆಲಸ ಕಲಿಸಿದವಳು ಸುಂದರಾ. ಹದಿನೆಂಟು ವರ್ಷದಿಂದ ಎಲೆ ವಿಂಗಡಿಸುತ್ತಿದ್ದಳು. ಆಬಾಸಾಹೇಬರಿಗೆ ಮೊದಲು ಹೊಳೆದದ್ದು ಅವಳ ಹೆಸರೇ. ಆದರೆ ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು, ಮಗಳಿನ್ನೂ ಎಂಟನೆಯ ಇಯತ್ತೆ ಓದುತ್ತಿದ್ದಳು. ಕೇಳಿ ಅವಳನ್ನು ಇಕ್ಕಟ್ಟಿಗೆ ಸಿಕ್ಕಿಸುವುದು ಬೇಡವೆಂದು ಸುಮ್ಮನಾಗಿದ್ದರು.

ಮರುದಿನ ಊಟದ ಹೊತ್ತಿಗೆ ಸುಂದರಾ ಕಚೇರಿಗೆ ಬಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನನ್ನ ಹೆಸರ ಯಾಕ ಬರೀಲಿಲ್ರಿ, ಸಾಹೇಬ್ರ?"

ಆಬಾಸಾಹೇಬ ಮಗಳ ಮಾತೆತ್ತಿದರು. ದೂರದ ದೇಶ, ಒಂಟಿ ಹೆಂಗಸು, ಜನ ಏನಂದಾರು ಎಂದೂ ಹೇಳಿದರು. ಹೇಳುತ್ತ ಹೇಳುತ್ತ ತಮ್ಮ ಮಾತು ತಮಗೇ ಸಪ್ಪೆ ಅನ್ನಿಸಿತು.

"ಅಕಿ ಕೊಗನೊಳ್ಳ್ಯಾಗ ನನ್ನ ತಂಗಿ ಕಡೆ ಇರ್ತಾಳ. ಹೋಗೂದೋ ಬ್ಯಾಡೋ ನಾ ಹೇಳ್ತಿದ್ನಿರಿ. ನೀವು ಕೇಳಬೇಕಿತ್ತು, ಅಷ್ಟ."

ಅವರು ಅವಳೆದುರಿಗೇ ಮೂರನೆಯ ಹೆಸರು ಬರೆದರು.

ಹದಿನೈದು ದಿನಕ್ಕೆ ಮುಂಬಯಿಯಿಂದ ಅಧಿಕಾರಿಯೊಬ್ಬರು ಬಂದು ಮೂವರನ್ನೂ ಒಬ್ಬೊಬ್ಬರಾಗಿ ಮಾತಾಡಿಸಿದರು. ಸುಂದರಾಳೊಂದಿಗೆ ಮಾತು ಮರಾಠಿಯಲ್ಲಿ ನಡೆಯಿತು. ಹೆದರಿಕೆಯಿಲ್ಲವೇ ಎಂದದ್ದಕ್ಕೆ, ಬಹಳ ಇದೆ ಎಂದಳು. ಕೊಲ್ಲಾಪುರದಾಚೆ ಅವಳು ಹೋದವಳೇ ಅಲ್ಲ. ಆಮೇಲೆ ತಾನೇ ಕೇಳತೊಡಗಿದಳು: ಅಲ್ಲಿನ ಶೆಡ್ಡಿಗೆ ಕಿಟಕಿಗಳಿವೆಯೇ, ಕೆಲಸದ ಹೊತ್ತಿನಲ್ಲಿ ಹೆಂಗಸರು ಕೂಸುಗಳನ್ನು ಎಲ್ಲಿ ಮಲಗಿಸುತ್ತಾರೆ? ಅಧಿಕಾರಿಗೆ ಗೊತ್ತಿರಲಿಲ್ಲ. ಬರೆದುಕೊಂಡರು.

ದಸ್ತಗೀರ ತನ್ನ ಸರದಿ ಬಂದಾಗ, ತನಗೆ ಇಂಗ್ಲಿಷ್ ಬರುತ್ತದೆ, ಆದರೆ ಕಲಿಸುವುದು ಅವಳಿಗೇ ಬರುತ್ತದೆ ಎಂದನಂತೆ. ಸುಂದರಾಳ ಹೆಸರೇ ಗಟ್ಟಿಯಾಯಿತು. ಜ್ಞಾನದೇವ ಬಹಳ ದಿನ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ.

ಪಾಸ್‌ಪೋರ್ಟಿಗೆ ನಾಲ್ಕು ತಿಂಗಳು ಹಿಡಿಯಿತು. ಹೊರಡುವ ದಿನ ಬಸ್‌ಸ್ಟ್ಯಾಂಡಿನಲ್ಲಿ ಮಗಳು ಗಟ್ಟಿಯಾಗಿದ್ದಳು, ಅತ್ತವಳು ತಾಯಿ.

ಎರಡು ತಿಂಗಳಿಗೆ ಆಬಾಸಾಹೇಬರ ಕೈಗೆ ಅವಳ ಕಾಗದ ಬಂತು. ಮಗಳ ನೆನಪಿಗೆ ಕೆಲವು ದಿನ ಊಟ ಸೇರುವುದಿಲ್ಲವಂತೆ. ಹೆಂಗಸರು ಮಾತ್ರ ಬೇಗ ಕಲಿಯುತ್ತಿದ್ದಾರೆ. ಅವರೆಲ್ಲ ಅವಳನ್ನು 'ಮಾಮಾ' ಎಂದು ಕರೆಯುತ್ತಾರೆ. ಮೊದಲ ದಿನ, ಇವರು ನನ್ನನ್ನು ಗಂಡಸು ಅಂದುಕೊಂಡರೇನೋ ಎಂದು ಗಾಬರಿಯಾಗಿತ್ತು, ಅವರ ಭಾಷೆಯಲ್ಲಿ ಹಾಗೆಂದರೆ ತಾಯಿಯಂತೆ, ಎಂದು ಬರೆದಿದ್ದಳು.

ಆಬಾಸಾಹೇಬ ಅದನ್ನು ವಿಂಗಡಣೆಯ ಕೋಣೆಯಲ್ಲಿ ಗಟ್ಟಿಯಾಗಿ ಓದಿದರು. ಹೆಂಗಸರು ಕೈಯಲ್ಲಿದ್ದ ಎಲೆ ಬಿಟ್ಟು ನಕ್ಕರು. ಬಾಗಿಲಲ್ಲಿ ನಿಂತಿದ್ದ ಜ್ಞಾನದೇವನೂ ನಕ್ಕ.